ಲೈಸೆನ್ಸ್ ಆಯ್ತು, ಕೋವಿಯೂ ಬಂತು. ತೋಟಾ ಯಾವುದು ತರೋದು?

ಸುಳ್ಯ: ಅಡಿಕೆ ತೋಟಕ್ಕೆ ಹಂದಿ, ಆನೆ ಬರೋದು ನಮ್ಮಲ್ಲಿ ಸುದ್ದಿಯೇ ಅಲ್ಲ. ಅದಕ್ಕೇ ಸುಳ್ಯ, ಕಡಬ, ಪುತ್ತೂರು, ಬೆಳ್ತಂಗಡಿ ಕಡೆ ಹಳೇ ಮನೆಗಳಲ್ಲಿ ಬೆಳೆ ರಕ್ಷಣೆಯ ಕೋವಿ ಇದ್ದೇ ಉಂಟು. ಈಗ ಪೇಟೆಯ ಅಂಗಡಿಯವರೂ, ಅದರಲ್ಲೂ ಚಿನ್ನದ ಅಂಗಡಿಯವರು, ಅಡಿಕೆ ವ್ಯಾಪಾರಿಗಳು, ರಾತ್ರಿ ಕ್ಯಾಶ್ ಹಿಡ್ಕೊಂಡು ಮನೆಗೆ ಹೋಗುವವರು "ರಕ್ಷಣೆಗೆ ಒಂದು ಇರ್ಲಿ" ಅಂತ ವಿಚಾರಿಸ್ತಾರೆ. ಎಲ್ಲರ ಪ್ರಶ್ನೆ ಒಂದೇ: ಯಾವ ಗುಂಡು ಒಳ್ಳೇದು?

ಇದಕ್ಕೆ ಮೊಬೈಲ್‌ನಲ್ಲಿ ಹುಡುಕಿದರೆ ಸಿಗೋದೆಲ್ಲ ಅಮೆರಿಕದವರ ವಿಡಿಯೋ. ಅಲ್ಲಿ ನೂರು ಬಗೆ ಗುಂಡು, ನೂರು ಬಗೆ ಪಿಸ್ತೂಲು. ನಮ್ಮಲ್ಲಿ ಅಷ್ಟು ಆಯ್ಕೆ ಇಲ್ಲ, ಕಾನೂನೂ ಬೇರೆ. ಸಿನಿಮಾದಲ್ಲಿ ಕಾಣುವ 9 ಎಂಎಂ ಪಿಸ್ತೂಲು ಇಲ್ಲಿ ನಿಷೇಧಿತ ಬೋರ್, ಸಾಮಾನ್ಯ ಲೈಸೆನ್ಸ್‌ಗೆ ಸಿಗೋದಿಲ್ಲ. ಜನರ ಕೈಗೆ ಬರೋದು ಹೆಚ್ಚಾಗಿ 12 ಬೋರ್ ಕೋವಿ, ಒಂಟಿ ನಳಿಗೆಯದ್ದು ಅಥವಾ ಜೋಡು ನಳಿಗೆಯದ್ದು. ಸ್ವಲ್ಪ ಜನರ ಹತ್ರ ಪಾಯಿಂಟ್ 32 ರಿವಾಲ್ವರ್. ಹಳಬರ ಮನೆಯಲ್ಲಿ ಕೇಪಿನ ಕೋವಿ. ಹಾಗಾಗಿ "ಯಾವ ತೋಟಾ ಒಳ್ಳೇದು" ಅನ್ನೋದಕ್ಕಿಂತ ಮೊದಲು "ನನ್ನ ಕೋವಿ ಯಾವ ತೋಟಾ ತಿಂತದೆ" ಅಂತ ಕೇಳಬೇಕು. ಇದನ್ನು ಕೇಳದೆ ಇದ್ದರೆ ಗುಂಡು ಕಳ್ಳನಿಗಲ್ಲ, ಹೊಡೆದವನ ಮುಖಕ್ಕೇ ಬರಬಹುದು.

ಹಿಡಿಸಿದ್ರೆ ಸಾಕು ಅಂತ ಅಲ್ಲ

12 ಬೋರ್ ಅಂದ್ರೆ 12 ಮಿಲಿಮೀಟರ್ ಅಂತ ತಿಳ್ಕೊಂಡವರು ತುಂಬ ಜನ. ಹಾಗಲ್ಲ. ನಳಿಗೆಯ ಅಗಲಕ್ಕೆ ಸರಿಯಾಗಿ ಕೂರುವ ಸೀಸದ ಉಂಡೆ ಮಾಡಿದರೆ ಅಂಥ 12 ಉಂಡೆ ಸೇರಿ ಒಂದು ಪೌಂಡ್, ಅಂದ್ರೆ ಸುಮಾರು 454 ಗ್ರಾಂ ತೂಗ್ತದೆ. ಹಳೇ ಇಂಗ್ಲಿಷರ ಲೆಕ್ಕ. ಅಗಲ ಸುಮಾರು 18.5 ಮಿ.ಮೀ. ಈ ಲೆಕ್ಕದಲ್ಲಿ ನಂಬರ್ ಜಾಸ್ತಿ ಆದಷ್ಟು ನಳಿಗೆ ಸಣ್ಣದು. 20 ಬೋರ್ ಕೋವಿಯ ನಳಿಗೆ 12ಕ್ಕಿಂತ ಸಪೂರ.

ಇಲ್ಲೇ ಮೊದಲ ಅಪಾಯ ಇರೋದು. 20 ಬೋರ್ ತೋಟಾವನ್ನು ಕಣ್ತಪ್ಪಿ 12 ಬೋರ್ ಕೋವಿಗೆ ಹಾಕಿದರೆ ಅದು ಒಳಗೆ ಜಾರಿ ನಳಿಗೆಯ ಮಧ್ಯೆ ಸಿಕ್ಕಿಹಾಕಿಕೊಳ್ತದೆ. ಕೋವಿ ತೆರೆದು ನೋಡಿದವನಿಗೆ ಖಾಲಿ ಕಾಣ್ತದೆ. ಅವನು ಸರಿಯಾದ 12 ಬೋರ್ ತೋಟಾ ಹಾಕಿ ಹೊಡೀತಾನೆ. ಮುಂದೆ ಸಿಕ್ಕಿಕೊಂಡಿದ್ದಕ್ಕೆ ಹಿಂದಿನ ಈಡು ಬಡಿದು ನಳಿಗೆ ಒಡೆದೇ ಹೋಗ್ತದೆ. ಎಡಗೈ ಇರೋದು ಸರಿಯಾಗಿ ಆ ಜಾಗದ ಕೆಳಗೆ! 20 ಬೋರ್ ತೋಟಾಕ್ಕೆ ಹಳದಿ ಬಣ್ಣ ಕೊಡುವ ರೂಢಿ ಬಂದದ್ದೇ ಈ ಕಾರಣಕ್ಕೆ. ಎರಡೂ ಬೋರ್‌ನ ಕೋವಿ ಇರುವ ಮನೆಯಲ್ಲಿ ತೋಟಾಗಳನ್ನು ಒಂದೇ ಡಬ್ಬಿಯಲ್ಲಿ ಇಡಲೇಬಾರದು.

ಎರಡನೇದು ಉದ್ದ. ಈಗ ಸಾಮಾನ್ಯವಾಗಿ ಸಿಗೋದು 70 ಮಿ.ಮೀ. ತೋಟಾ, ಹಳೇ ಲೆಕ್ಕದಲ್ಲಿ ಎರಡೂಮುಕ್ಕಾಲು ಇಂಚು. ಪುಣೆ ಹತ್ತಿರದ ಖಡ್ಕಿ ಕಾರ್ಖಾನೆಯ ಶಕ್ತಿಮಾನ್ ತೋಟಾ ನಮ್ಮವರಿಗೆಲ್ಲ ಗೊತ್ತಿರುವ ಹೆಸರು. ಮೊದಲು ಅದು ಆರ್ಡ್‌ನೆನ್ಸ್ ಫ್ಯಾಕ್ಟರಿ ಬೋರ್ಡ್ ಕೈಯಲ್ಲಿತ್ತು, 2021ರ ಅಕ್ಟೋಬರ್‌ನಿಂದ ಮ್ಯುನಿಷನ್ಸ್ ಇಂಡಿಯಾ ಲಿಮಿಟೆಡ್ ಕೆಳಗೆ ಬಂದಿದೆ. ಆದರೆ ಅಜ್ಜನ ಕಾಲದ ವಿಲಾಯಿತಿ ಕೋವಿಗಳಲ್ಲಿ ಎಷ್ಟೋ ಎರಡೂವರೆ ಇಂಚಿನ, ಅಂದ್ರೆ 65 ಮಿ.ಮೀ. ತೋಟಾಕ್ಕೆ ಮಾಡಿದವು. ಅವಕ್ಕೆ 70ರ ತೋಟಾ ಹಾಕಿದರೆ ಆರಾಮಾಗಿ ಕೂರ್ತದೆ, ಕೋವಿ ಮುಚ್ಚಿಕೊಳ್ತದೆ. ಯಾಕಂದ್ರೆ ಹೊಡೆಯದ ತೋಟಾದ ಬಾಯಿ ಮಡಚಿರ್ತದೆ. ಈ 70 ಅನ್ನೋದು ಹೊಡೆದ ಮೇಲೆ ಬಾಯಿ ಬಿಚ್ಚಿಕೊಂಡಾಗಿನ ಉದ್ದ. ಬಿಚ್ಚಿಕೊಳ್ಳಲು ಜಾಗ ಇಲ್ಲದಿದ್ದರೆ ಒತ್ತಡ ಏರ್ತದೆ. ಹಳೇ ಕಬ್ಬಿಣ, ಸಡಿಲ ಕೀಲು, ಮೇಲೆ ಈ ಒತ್ತಡ. ಒಂದು ಸಲ, ಎರಡು ಸಲ ಏನೂ ಆಗದೇ ಇರಬಹುದು. "ನಮ್ಮಜ್ಜ ಇದನ್ನೇ ಹಾಕ್ತಿದ್ರು" ಅನ್ನೋದು ಪುರಾವೆ ಅಲ್ಲ.

ನೋಡೋದು ಹೇಗೆ? ಕೋವಿ ಖಾಲಿ ಅಂತ ಖಾತ್ರಿ ಮಾಡಿಕೊಂಡು ತೆರೆದರೆ ನಳಿಗೆಯ ಹಿಂಭಾಗದ ಅಡಿಯಲ್ಲಿ ಅಂಕಿಗಳು ಕೆತ್ತಿರ್ತವೆ: 12, ಪಕ್ಕದಲ್ಲಿ 65 ಅಥವಾ 70 ಅಥವಾ ಇಂಚಿನ ಅಳತೆ. ಅದನ್ನು ಫೋಟೋ ತೆಗೆದು ಇಟ್ಕೊಳ್ಳಿ, ತೋಟಾ ತರುವಾಗ ಡೀಲರ್‌ಗೆ ತೋರಿಸಿ. ಅಂಕಿ ಮಾಸಿದ್ದರೆ, ನಳಿಗೆ ಒಳಗೆ ತುಕ್ಕಿನ ಗುಂಡಿ ಬಿದ್ದಿದ್ದರೆ, ಮುಚ್ಚಿದ ಮೇಲೂ ಕೋವಿ ಗಡಗಡ ಅಂದರೆ ಲೈಸೆನ್ಸ್ ಇರುವ ಗನ್‌ಸ್ಮಿತ್‌ಗೆ ತೋರಿಸುವ ತನಕ ಹೊಡೀಬೇಡಿ. ಊರಿನ ವೆಲ್ಡಿಂಗ್ ಶಾಪ್‌ನಲ್ಲಿ ಸರಿ ಮಾಡಿಸೋದು ಕಾನೂನಿಗೂ ವಿರುದ್ಧ, ಜೀವಕ್ಕೂ ವಿರುದ್ಧ.

ರಿವಾಲ್ವರ್ ತಗೊಳ್ಳುವ ಅಂಗಡಿಯವರಿಗೆ ಇದೇ ಮಾತು ಬೇರೆ ರೂಪದಲ್ಲಿ. "ಪಾಯಿಂಟ್ 32 ಕೊಡಿ" ಅಂದರೆ ಸಾಲದು. ಕಾನ್ಪುರದಲ್ಲಿ ಮಾಡುವ ಸರ್ಕಾರಿ ರಿವಾಲ್ವರ್‌ಗೆ ಬೇಕಾದ್ದು 32 ಎಸ್ ಅಂಡ್ ಡಬ್ಲ್ಯೂ ಲಾಂಗ್. ಪಿಸ್ತೂಲಿಗೆ ಬೇಕಾದ್ದು 32 ಎಸಿಪಿ, ಅದನ್ನೇ 7.65 ಅಂತಲೂ ಹೇಳ್ತಾರೆ. ಹೆಸರಿನಲ್ಲಿ ಎರಡೂ 32, ಆದರೆ ಉದ್ದ ಬೇರೆ, ಬುಡದ ಅಂಚು ಬೇರೆ, ಒಂದರ ಬದಲು ಇನ್ನೊಂದು ಅಲ್ಲ. ಪೆಟ್ಟಿಗೆ ಮೇಲಿನ ಹೆಸರೂ ಆಯುಧದ ಮೇಲೆ ಕೆತ್ತಿದ ಹೆಸರೂ ಅಕ್ಷರಕ್ಕೆ ಅಕ್ಷರ ಸೇರಬೇಕು.

ಕೇಪಿನ ಕೋವಿಯವರಿಗೆ ಒಂದೇ ಮಾತು. ಅದಕ್ಕೆ ಕರಿಮದ್ದು ಮಾತ್ರ. ತೋಟಾ ಬಿಚ್ಚಿ ಅದರ ಮದ್ದನ್ನು ಕೇಪಿನ ಕೋವಿಗೆ ತುಂಬಿಸುವ ಬುದ್ಧಿವಂತರು ಇದ್ದಾರಂತೆ. ತೋಟಾದ ಹೊಗೆರಹಿತ ಮದ್ದಿನ ಜೋರು ತಡೆಯುವ ಹಾಗೆ ಆ ನಳಿಗೆ ಮಾಡಿದ್ದೇ ಅಲ್ಲ.

ಚರೆಯ ನಂಬರ್ ಮತ್ತು ಒಂದು ದೊಡ್ಡ ಸುಳ್ಳು

12 ಬೋರ್ ತೋಟಾದ ಮೇಲೆ ಎಲ್‌ಜಿ, ಎಸ್‌ಜಿ, ಬಿಬಿ ಅಂತ ಅಕ್ಷರ ಇರ್ತದೆ, ಇಲ್ಲವೇ 4, 6 ಅಂತ ನಂಬರ್. ಇದು ಒಳಗಿನ ಚರೆಯ ಗಾತ್ರ. ಇಲ್ಲೂ ಲೆಕ್ಕ ಉಲ್ಟಾ, ನಂಬರ್ ಹೆಚ್ಚಾದರೆ ಚರೆ ಸಣ್ಣದು. 6ನೇ ನಂಬರಿನ ಚರೆ ಸುಮಾರು 2.6 ಮಿ.ಮೀ., ಸಾಸಿವೆಗಿಂತ ಸ್ವಲ್ಪ ದೊಡ್ಡದು ಅನ್ನಿ. ಒಂದು ಔನ್ಸ್‌ಗೆ, ಅಂದ್ರೆ 28 ಗ್ರಾಂಗೆ, ಸುಮಾರು 270 ಬರ್ತವೆ. ಎಸ್‌ಜಿ ಅಂದರೆ ಸುಮಾರು 8.4 ಮಿ.ಮೀ., ತೋಟಾದಲ್ಲಿ ಎಂಟೊಂಬತ್ತೇ ಇರೋದು. ಎಲ್‌ಜಿ ಅದಕ್ಕಿಂತ ದಪ್ಪ.

ರಕ್ಷಣೆಗೆ ಅಂತ ಕೇಳಿದವರಿಗೆ ಸಾಮಾನ್ಯವಾಗಿ ದಪ್ಪ ಚರೆಯದ್ದನ್ನೇ ಕೊಡ್ತಾರೆ. ಅದು ಗಟ್ಟಿಯಾಗಿ ಒಳಗೆ ಹೋಗ್ತದೆ, ಹೌದು. ಆದರೆ ಎಲ್ಲಿ ನಿಲ್ತದೆ? ತಗಡಿನ ಶಟರ್, ಪ್ಲೈವುಡ್ ಬಾಗಿಲು, ಹಂಚಿನ ಮಾಡು ಎಸ್‌ಜಿ ಚರೆಯನ್ನು ತಡೆಯೋದಿಲ್ಲ. ಬಯಲಲ್ಲಿ ಅದು 600 ಮೀಟರ್‌ಗೂ ಆಚೆ ಹೋಗಿ ಬೀಳಬಹುದು. 6ನೇ ನಂಬರಿನದು 200 ಮೀಟರ್ ಆಸುಪಾಸಿನಲ್ಲಿ ಸೋಲ್ತದೆ. ರಿವಾಲ್ವರ್ ಗುಂಡು ಕಿಲೋಮೀಟರ್ ದಾಟಬಹುದು. ಈಗ ನಮ್ಮ ಪೇಟೆಯನ್ನು ನೆನಪು ಮಾಡ್ಕೊಳ್ಳಿ. ಒಂದು ಅಂಗಡಿಗೂ ಇನ್ನೊಂದಕ್ಕೂ ಮಧ್ಯೆ ಒಂದು ತೆಳು ಪಾರ್ಟಿಷನ್, ಮೇಲಿನ ಮಾಳಿಗೆಯಲ್ಲಿ ಬಾಡಿಗೆಯವರು, ಎದುರು ಬಸ್‌ಸ್ಟ್ಯಾಂಡ್. ತೋಟದಲ್ಲಾದರೆ ಆಚೆ ಬರೆಯ ಮೇಲೆ ಪಕ್ಕದವರ ಮನೆ, ಬೆಳಗ್ಗೆ ನಾಲ್ಕೂವರೆಗೆ ಹೆಡ್‌ಲೈಟ್ ಕಟ್ಟಿಕೊಂಡು ರಬ್ಬರ್ ಟ್ಯಾಪಿಂಗಿಗೆ ಹೋಗುವವರು. ದೂರದಿಂದ ಆ ಲೈಟ್ ಕಂಡರೆ ಪ್ರಾಣಿಯ ಕಣ್ಣು ಅಂತ ಅನಿಸೋದು ಕಷ್ಟ ಅಲ್ಲ. ಹಾಗಾಗಿ ನನ್ನ ಲೆಕ್ಕದಲ್ಲಿ ತೋಟಾ ಆರಿಸುವವರು ಎದುರಿಗೆ ಯಾರು ಬರಬಹುದು ಅಂತ ಯೋಚಿಸಿದರೆ ಸಾಲದು. ತಪ್ಪಿದ ಚರೆ ಯಾರ ಮನೆಗೆ ಹೋಗ್ತದೆ ಅಂತಲೇ ಮೊದಲು ನೋಡಬೇಕು.

ಸುಳ್ಳು ಯಾವುದು ಅಂದ್ರೆ, "ಸಣ್ಣ ಚರೆ ಹಾಕಿ ಕಾಲಿಗೆ ಹೊಡೆದರೆ ಸಾಯೋದಿಲ್ಲ, ಹೆದರ್ತಾರೆ ಅಷ್ಟೆ" ಅನ್ನೋದು. ಕೋಣೆಯೊಳಗೆ, ನಾಲ್ಕೈದು ಮೀಟರ್ ದೂರದಲ್ಲಿ, ಚರೆ ಚದುರುವುದೇ ಇಲ್ಲ ಅನ್ನಬಹುದು. ಒಂದು ಅಂಗೈ ಅಗಲದ ಒಳಗೇ ಅಷ್ಟೂ ಹೋಗಿ ಬಡೀತದೆ. ತೊಡೆಯಲ್ಲಿ ದೊಡ್ಡ ರಕ್ತನಾಳ ಉಂಟು, ಅದು ಹರಿದರೆ ಆಸ್ಪತ್ರೆಗೆ ಮುಟ್ಟಿಸುವಷ್ಟು ಹೊತ್ತು ಸಿಗೋದಿಲ್ಲ. ಸಾಯದ ಹಾಗೆ ಹೊಡೆಯುವ ತೋಟಾ ಅಂತ ಯಾವುದೂ ಇಲ್ಲ. "ಕೋವಿಯಾದರೆ ಗುರಿ ಬೇಡ, ಹೇಗೆ ಹೊಡೆದರೂ ತಾಗ್ತದೆ" ಅನ್ನೋದೂ ಇದೇ ಕಾರಣಕ್ಕೆ ಸುಳ್ಳು.

ಆನೆ ವಿಷಯ ಬೇರೆಯೇ. 12 ಬೋರ್ ಚರೆ ಆನೆಯನ್ನು ಕೊಲ್ಲೋದಿಲ್ಲ, ಗಾಯ ಮಾಡಿ ಕೆರಳಿಸ್ತದೆ. ಮರುದಿನ ಅದೇ ಆನೆ ಯಾರದೋ ದಾರಿಗೆ ಅಡ್ಡ ಬರ್ತದೆ. ಬೆಳೆ ರಕ್ಷಣೆಯ ಲೈಸೆನ್ಸ್ ಅಂದ್ರೆ ಬೇಟೆಯ ಲೈಸೆನ್ಸ್ ಅಲ್ಲ. ವನ್ಯಜೀವಿ ಸಂರಕ್ಷಣಾ ಕಾಯ್ದೆ 1972ರ 11ನೇ ಕಲಮಿನಲ್ಲಿ ಬಿಡುವು ಇರೋದು ನಮ್ಮ ಅಥವಾ ಇನ್ನೊಬ್ಬರ ಜೀವ ಉಳಿಸಿಕೊಳ್ಳಲು ಪ್ರಾಮಾಣಿಕವಾಗಿ ಹೊಡೆದಾಗ. ನಾಲ್ಕು ಬಾಳೆಗೊನೆ ಹೋಯ್ತು ಅನ್ನೋದು ಅದರಲ್ಲಿ ಬರೋದಿಲ್ಲ. ಹಂದಿಗೆ ಸಿಡಿಮದ್ದು ಇಡೋದಂತೂ ಬೇಡವೇ ಬೇಡ. 2020ರಲ್ಲಿ ಪಾಲಕ್ಕಾಡ್ ಕಡೆ ಬಸುರಿ ಆನೆ ಸತ್ತದ್ದು ಅದರಿಂದಲೇ.

ಕೈ ಪಳಗೋದು ಎಲ್ಲಿ?

ಲೈಸೆನ್ಸ್ ಬೇಕಾದರೆ 21 ವರ್ಷ ತುಂಬಿರಬೇಕು. ಜಿಲ್ಲಾಧಿಕಾರಿಯವರಿಗೆ ಅರ್ಜಿ, ಪೊಲೀಸ್ ಕಮಿಷನರೇಟ್ ಇರುವ ನಗರದಲ್ಲಾದರೆ ಕಮಿಷನರ್‌ಗೆ. ಪೊಲೀಸ್ ವರದಿ, ಡಾಕ್ಟರ ಸರ್ಟಿಫಿಕೇಟ್, ಬೆಳೆ ರಕ್ಷಣೆಗಾದರೆ ಪಹಣಿ. ಇದೆಲ್ಲ ಅರ್ಜಿ ಬರೆಯುವವರಿಗೆ ಬಾಯಿಪಾಠ. 2019ರ ತಿದ್ದುಪಡಿ ಆದ ಮೇಲೆ ಒಬ್ಬರಿಗೆ ಎರಡೇ ಆಯುಧ, ಲೈಸೆನ್ಸ್ ಅವಧಿ 5 ವರ್ಷ. ಪಕ್ಕದ ಕೊಡಗಿನಲ್ಲಿ ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಬ್ರಿಟಿಷರ ಕಾಲದಿಂದ ಇರುವ ವಿನಾಯಿತಿಯನ್ನು ಹೈಕೋರ್ಟ್ 2021ರಲ್ಲಿ ಎತ್ತಿ ಹಿಡಿದಿದೆ. ಅದು ಅವರಿಗೆ ಮಾತ್ರ. ಸಂಪಾಜೆ ಆಚೆ ತೋಟ ಕೊಂಡವರಿಗೆಲ್ಲ ಅದು ಸಿಗೋದಿಲ್ಲ.

ಜನ ಗಮನ ಕೊಡದೇ ಇರೋದು ತರಬೇತಿಗೆ. ಆಯುಧ ನಿಯಮ 2016ರ 10ನೇ ನಿಯಮದ ಪ್ರಕಾರ ಆಯುಧ, ಮದ್ದುಗುಂಡಿನ ಸುರಕ್ಷತಾ ತರಬೇತಿ ಆಗಿರಬೇಕು. ನಮ್ಮ ರಾಜ್ಯದಲ್ಲಿ ಜಿಲ್ಲಾ ಪೊಲೀಸರೇ ಆಗಾಗ ನಾಗರಿಕ ಬಂದೂಕು ತರಬೇತಿ ಶಿಬಿರ ಮಾಡ್ತಾರೆ. ಠಾಣೆಯಲ್ಲಿ ಕೇಳಿದರೆ ಮುಂದಿನ ಶಿಬಿರ ಯಾವಾಗ ಅಂತ ಗೊತ್ತಾಗ್ತದೆ. ಎಷ್ಟೋ ಜನ ಅದಕ್ಕೆ ಸರ್ಟಿಫಿಕೇಟ್‌ಗೋಸ್ಕರ ಹೋಗ್ತಾರೆ, ಆಮೇಲೆ ಹತ್ತು ವರ್ಷ ಕೋವಿ ಮುಟ್ಟೋದಿಲ್ಲ. ಕತ್ತಲೆಯಲ್ಲಿ, ನಿದ್ದೆಗಣ್ಣಲ್ಲಿ, ಕೈ ನಡುಗುವಾಗ ಮೊದಲ ಸಲ ಹೊಡೆಯುವವನ ಕೈಯಲ್ಲಿ ಯಾವ ಒಳ್ಳೆ ತೋಟಾ ಇದ್ದರೂ ಏನು ಪ್ರಯೋಜನ? ಒಂದು ಪೆಟ್ಟಿಗೆ ದುಬಾರಿ ತೋಟಾ ತಂದಿಡುವ ಬದಲು ಜಿಲ್ಲಾ ರೈಫಲ್ ಅಸೋಸಿಯೇಷನ್ ರೇಂಜ್‌ನಲ್ಲಿ ವರ್ಷಕ್ಕೆ ನಾಲ್ಕು ಸಲ ಹೊಡೆದು ಬರೋದು ಲೇಸು. ಮನೆಗೆ ತಂದದ್ದೇ ತೋಟಾದಲ್ಲಿ ಕೆಲವನ್ನು ರೇಂಜ್‌ನಲ್ಲಿ ಹೊಡೆದು ನೋಡಬೇಕು. ಒಂದೇ ಕೋವಿಯಲ್ಲಿ ಒಂದು ಬಗೆ ತೋಟಾ ಗುಂಪಾಗಿ ಬೀಳ್ತದೆ, ಇನ್ನೊಂದು ಚದುರ್ತದೆ. ಕಾಗದದ ಗುರಿ ನೋಡಿದರೇ ಅದು ತಿಳಿಯೋದು.

ಶಿಬಿರದಲ್ಲಿ ಮೊದಲ ದಿನ ಹೇಳಿಕೊಡುವ ಪಾಠ ಹಳೇದೇ. ಯಾವ ಕೋವಿಯನ್ನೂ ಖಾಲಿ ಅಂತ ನಂಬಬೇಡಿ, ಬೇರೆಯವರು "ಖಾಲಿ ಉಂಟು ಮಾರಾಯ" ಅಂತ ಕೈಗೆ ಕೊಟ್ಟರೂ ತೆರೆದು ನೋಡಿ. ತಮಾಷೆಗೂ ಮನುಷ್ಯರ ಕಡೆ ತಿರುಗಿಸಬೇಡಿ. ಹೊಡೆಯುವ ಗಳಿಗೆ ಬರುವ ತನಕ ಬೆರಳು ಟ್ರಿಗರ್‌ನ ಹೊರಗೆ. ಗುರಿಯ ಹಿಂದೆ ಏನಿದೆ ಅಂತ ಗೊತ್ತಿಲ್ಲದೆ ಹೊಡೆಯೋದೇ ಇಲ್ಲ. ಕುದುರೆ ಎಳೆದಿಟ್ಟ ಕೋವಿ ಹೆಗಲಿಗೆ ಹಾಕಿ ಬೇಲಿ ಹಾರೋದು, ತೋಡು ದಾಟೋದು ಮಾಡಿದರೆ ಈ ನಾಲ್ಕೂ ಪಾಠ ಒಟ್ಟಿಗೆ ಮರೆತ ಹಾಗೆ.

ಇನ್ನೊಂದು ಹೆಚ್ಚು ಜನರಿಗೆ ಗೊತ್ತಿಲ್ಲ. ಟ್ರಿಗರ್ ಎಳೆದಾಗ ಈಡು ಹಾರದಿದ್ದರೆ ತಕ್ಷಣ ಕೋವಿ ತೆರೆಯಬೇಡಿ. ಬಾಯಿಯನ್ನು ಸುರಕ್ಷಿತ ದಿಕ್ಕಿಗೇ ಹಿಡಿದು ಕನಿಷ್ಠ ಅರ್ಧ ನಿಮಿಷ ಕಾಯಿರಿ, ಕೆಲವು ಸಲ ಮದ್ದು ತಡವಾಗಿ ಹತ್ತಿಕೊಳ್ತದೆ. ಸದ್ದು ಯಾವತ್ತಿನ ಹಾಗೆ ಬಾರದೆ ಠುಸ್ ಅಂದರೆ ಇನ್ನೊಂದು ತೋಟಾ ಹಾಕಲೇಬೇಡಿ. ಒಳಗಿನ ಬೆಣೆ ನಳಿಗೆಯಲ್ಲೇ ಕೂತಿರಬಹುದು. ಕೋವಿ ಖಾಲಿ ಮಾಡಿ, ಹಿಂದಿನಿಂದ ಬೆಳಕಿಗೆ ಹಿಡಿದು ನಳಿಗೆ ಪೂರ್ತಿ ಕಾಣ್ತದಾ ಅಂತ ನೋಡಿ. ಮಳೆಗಾಲದ ನಂತರ ಮೊದಲ ಸಲ ಕೋವಿ ತೆಗೆಯುವಾಗಲೂ ಹೀಗೇ ನೋಡಬೇಕು, ಕುಂಬಾರ ಹುಳ ಮಣ್ಣಿನ ಗೂಡು ಕಟ್ಟಲು ನಳಿಗೆಯ ತೂತೂ ಸಾಕು.

ನಮ್ಮ ಮಳೆ ತೋಟಾಕ್ಕೂ ಶತ್ರು. ಹಳೇ ಕಾಗದದ ತೋಟಾ ಥಂಡಿಗೆ ಉಬ್ಬಿ ಕೋವಿಗೆ ಹೋಗೋದೇ ಇಲ್ಲ, ಹೋದರೆ ಹೊರಗೆ ಬರೋದಿಲ್ಲ. ಪ್ಲಾಸ್ಟಿಕ್‌ನದು ಪರವಾಗಿಲ್ಲ, ಆದರೆ ಹಿತ್ತಾಳೆ ಬುಡಕ್ಕೆ ಹಸಿರು ಕಿಲುಬು ಹಿಡಿದಿದ್ದರೆ ಬದಿಗಿಡಿ. ಗಾಳಿಯಾಡದ ಡಬ್ಬಿಯಲ್ಲಿ, ತಂಪಾದ ಒಣ ಜಾಗದಲ್ಲಿ, ಕೋವಿಯಿಂದ ಬೇರೆ ಕಡೆ ಬೀಗ ಹಾಕಿ ಇಡಬೇಕು. ಒಲೆ ಮೇಲಿನ ಅಟ್ಟ ಅಡಿಕೆಗೆ ಸರಿ, ತೋಟಾಕ್ಕಲ್ಲ. ಬಿಸಿಲಿಗಿಟ್ಟು ಒಣಗಿಸೋದೂ ಬೇಡ. ಕೆಟ್ಟ ತೋಟಾವನ್ನು ತೋಡಿಗೆ ಎಸೆಯದೆ ಡೀಲರ್ ಅಥವಾ ಠಾಣೆಯನ್ನು ಕೇಳಿ. ವರ್ಷಕ್ಕೆ ಎಷ್ಟು ತೋಟಾ ತಗೊಳ್ಳಬಹುದು, ಒಮ್ಮೆಗೆ ಎಷ್ಟು ಅನ್ನೋದು ಲೈಸೆನ್ಸ್‌ನಲ್ಲೇ ಬರೆದಿರ್ತದೆ. ಖರ್ಚಾದದ್ದರ ಲೆಕ್ಕ ಒಂದು ಪುಸ್ತಕದಲ್ಲಿ ಬರೆದಿಟ್ಟರೆ ನವೀಕರಣದ ಹೊತ್ತಿಗೆ ಉತ್ತರ ಕೊಡ್ಲಿಕ್ಕೆ ಸುಲಭ.

ಕಳ್ಳ ಓಡ್ತಾ ಇದ್ದರೆ?

ಅಂಗಡಿಯವರು ಇದನ್ನು ಎರಡು ಸಲ ಓದಿ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಸ್ವರಕ್ಷಣೆಯ ಹಕ್ಕು 34ರಿಂದ 44ನೇ ಕಲಮಿನ ತನಕ ಬರ್ತದೆ. ಹಕ್ಕು ಉಂಟು, ಆದರೆ ತಡೆಯಲು ಎಷ್ಟು ಬೇಕೋ ಅಷ್ಟಕ್ಕೇ. ಪೊಲೀಸರ ಸಹಾಯ ಪಡೆಯಲು ಸಮಯ ಇದ್ದರೆ ಆ ಹಕ್ಕೇ ಇಲ್ಲ. ಆಸ್ತಿ ಉಳಿಸಲು ಪ್ರಾಣ ತೆಗೆಯುವ ಮಟ್ಟಕ್ಕೆ ಹೋಗಬಹುದಾದ ಸಂದರ್ಭಗಳನ್ನು 41ನೇ ಕಲಮಿನಲ್ಲಿ ಎಣಿಸಿ ಹೇಳಿದ್ದಾರೆ: ದರೋಡೆ, ಸೂರ್ಯಾಸ್ತದಿಂದ ಸೂರ್ಯೋದಯದ ಒಳಗೆ ಮನೆ ಒಡೆದು ನುಗ್ಗೋದು, ವಾಸದ ಮನೆಗೆ ಅಥವಾ ಮಾಲು ಇಟ್ಟ ಕಟ್ಟಡಕ್ಕೆ ಬೆಂಕಿ ಇಡೋದು, ಸಾವು ಅಥವಾ ಭಾರೀ ಗಾಯದ ಭಯ ಹುಟ್ಟಿಸುವಂಥ ಕಳ್ಳತನ. ಬ್ಯಾಗ್ ಎತ್ತಿಕೊಂಡು ಬೆನ್ನು ತೋರಿಸಿ ಓಡುವವನಿಗೆ ಹೊಡೆದರೆ ಸ್ವರಕ್ಷಣೆ ಅಂತ ಕೋರ್ಟಿನಲ್ಲಿ ಸಾಧಿಸೋದು ಬಹಳ ಕಷ್ಟ. ಶಟರ್‌ಗೆ ಒಳ್ಳೆ ಲಾಕ್, ಕ್ಯಾಮೆರಾ, ಕ್ಯಾಶ್ ಕೊಂಡೊಯ್ಯುವ ಹೊತ್ತನ್ನು ದಿನಾ ಬದಲಿಸೋದು, ಇವು ಮೊದಲು ಆಗಲಿ. ಇವಿಷ್ಟರಿಂದ ಯಾರ ಮೇಲೂ ಕೇಸ್ ಬೀಳೋದಿಲ್ಲ.

ಕೋವಿಯನ್ನು ಪೇಟೆಯಲ್ಲಿ ಬರೀ ಕೈಯಲ್ಲಿ ಹಿಡ್ಕೊಂಡು ತಿರುಗುವ ಹಾಗಿಲ್ಲ, ಕವರ್‌ನಲ್ಲಿ ಪೂರ್ತಿ ಮುಚ್ಚಿರಬೇಕು. ರಿವಾಲ್ವರ್ ಆದರೆ ಹೋಲ್‌ಸ್ಟರ್‌ನಲ್ಲಿ. ಮದುವೆ ದಿಬ್ಬಣದಲ್ಲಿ, ಉತ್ಸವದಲ್ಲಿ ಗಾಳಿಗೆ ಗುಂಡು ಹಾರಿಸಿ ಇನ್ನೊಬ್ಬರಿಗೆ ಅಪಾಯ ಮಾಡಿದರೆ 2019ರ ತಿದ್ದುಪಡಿ ಪ್ರಕಾರ ಎರಡು ವರ್ಷದ ತನಕ ಜೈಲು, ಒಂದು ಲಕ್ಷದ ತನಕ ದಂಡ, ಅಥವಾ ಎರಡೂ. ಮೇಲೆ ಹಾರಿಸಿದ್ದು ಎಲ್ಲಾದರೂ ಕೆಳಗೆ ಬೀಳಲೇಬೇಕಲ್ಲ!

ಚುನಾವಣೆ ಬಂದಾಗ ಕೋವಿ ಠೇವಣಿ ಇಡುವ ಆದೇಶ ಬರ್ತದೆ. ತೋಟದವರು ವಿನಾಯಿತಿ ಬೇಕಾದರೆ ಸ್ಕ್ರೀನಿಂಗ್ ಕಮಿಟಿಗೆ ಕಾರಣ ಬರೆದು ಅರ್ಜಿ ಕೊಡಬೇಕು. ಇಟ್ಟದ್ದಕ್ಕೆ ರಶೀದಿ ಕೇಳಿ ತಗೊಳ್ಳಿ, ವಾಪಸ್ ತರುವಾಗ ನಂಬರ್ ಸರಿ ಉಂಟಾ ಅಂತ ನೋಡಿ.

ಕೊನೆಗೆ ಅಟ್ಟದ ಮೇಲಿನ ಕೋವಿ. ಲೈಸೆನ್ಸ್ ಮನೆಗೆ ಇರೋದಲ್ಲ, ವ್ಯಕ್ತಿಗೆ ಇರೋದು. ಅಪ್ಪ ತೀರಿಕೊಂಡ ದಿನದಿಂದ ಆ ಕೋವಿ ಮಕ್ಕಳ ಕೈಯಲ್ಲಿ ಲೈಸೆನ್ಸ್ ಇಲ್ಲದ ಆಯುಧ. ತಡ ಮಾಡದೆ ಠಾಣೆಗೆ ಅಥವಾ ಲೈಸೆನ್ಸ್ ಇರುವ ಡೀಲರ್‌ಗೆ ಠೇವಣಿ ಇಟ್ಟು ವಾರಸುದಾರರಲ್ಲಿ ಒಬ್ಬರು ತಮ್ಮ ಹೆಸರಿಗೆ ಅರ್ಜಿ ಹಾಕಬೇಕು. ಇಡದೇ ಸಿಕ್ಕಿಬಿದ್ದರೆ ಎರಡರಿಂದ ಐದು ವರ್ಷದ ತನಕ ಶಿಕ್ಷೆ ಆಗುವ ಕೇಸ್. ಅಪ್ಪ ಇರುವಾಗಲೇ ಮಾಡಿಸಿಕೊಳ್ಳುವ ದಾರಿಯೂ ಉಂಟು. ಅವರಿಗೆ 70 ವರ್ಷ ಆಗಿದ್ದರೆ, ಇಲ್ಲವೇ ಕೋವಿ ಅವರ ಹತ್ರ 25 ವರ್ಷ ಇದ್ದರೆ, 2016ರ ನಿಯಮದ ಪ್ರಕಾರ ವಾರಸುದಾರರ ಹೆಸರಿಗೆ ವರ್ಗಾಯಿಸಲು ಅರ್ಜಿ ಕೊಡಬಹುದು. ಹೆಸರು ಹಾಕಿಸಿಕೊಳ್ಳುವವರಿಗೂ ಮೊದಲು ಹೇಳಿದ ತರಬೇತಿ ಬೇಕು. ಆ ಕೋವಿ ಜೊತೆ ಡಬ್ಬಿಯಲ್ಲಿ ಹಳೇ ತೋಟಾ ಸಿಕ್ಕಿದರೆ ಹೊಡೆದು ನೋಡ್ಲಿಕ್ಕೆ ಹೋಗಬೇಡಿ, ಅದನ್ನೂ ಕೋವಿ ಜೊತೆಗೇ ಠಾಣೆಗೆ ಕೊಡಿ.